ದೊರೆ ಹೋದ, ಕೊಳಗ ಉಳಿಯಿತು

(ಆನೇಕಲ್ ತಾಲ್ಲೂಕಿನ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ದಿನ ನನಗೆ ಕೊಟ್ಟಿರುವ ವಿಷಯ ದೊಡ್ಡದು. ದಬ್ಬಾಳಿಕೆ ಮಾಡುವ ದೊರೆಗಳ ವಿರುದ್ಧ ಜನ ಎದ್ದು ಮಾಡಿದ ಕ್ರಾಂತಿಗಳೆಲ್ಲ ಕೊನೆಗೆ ಇನ್ನೊಂದು ದಬ್ಬಾಳಿಕೆಯಾಗಿಯೇ ತೀರುತ್ತವೆಯೇ ಎಂಬುದು ಪ್ರಶ್ನೆ. ಹೈಸ್ಕೂಲು ಮುಗಿಸಿ ನೇಗಿಲು ಹಿಡಿದ ನನ್ನಂಥವನಿಗೆ ಇದು ಹೆಚ್ಚಾಯಿತೆಂದು ಯಾರಿಗಾದರೂ ಅನಿಸಬಹುದು. ಆದರೆ ಈ ಪ್ರಶ್ನೆ ಹುಟ್ಟಿರುವುದು ನಮ್ಮ ಅರಳಿಕಟ್ಟೆಗಳಲ್ಲೇ. ಸರ್ಜಾಪುರದ ಕಡೆ ಹೋಗಿ, ದೇವನಹಳ್ಳಿಯ ಕಡೆ ಹೋಗಿ, ಎಲ್ಲಿ ಭೂಸ್ವಾಧೀನದ ನೋಟೀಸು ಬಂದಿದೆಯೋ ಅಲ್ಲಿನ ಹುಡುಗರು ಕೇಳುವುದು ಇದನ್ನೇ. "ಯಾರು ಬಂದ್ರೂ ಅಷ್ಟೇ ಕಣಣ್ಣ. ಇವತ್ತು ನಮ್ ಜೊತೆ ಕೂತು ಘೋಷಣೆ ಕೂಗ್ದೋನೇ ನಾಳೆ ಗೂಟದ ಕಾರಲ್ಲಿ ಬಂದು ನೋಟೀಸು ಕೊಡ್ತಾನೆ. ಹೋರಾಟ ಯಾಕೆ? ಬಂದಷ್ಟು ದುಡ್ಡು ತಗೊಂಡು, ಸಾಲ ತೀರಿಸಿ, ಒಂದು ಸೈಟು ಮಾಡ್ಕೊಳ್ಳೋದು ವಾಸಿ."

ಈ ಹುಡುಗನನ್ನು ಬೈದು ಸುಮ್ಮನಾಗಿಸುವುದು ಸುಲಭ. ಆದರೆ ಅವನು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಮೊದಲು ಒಪ್ಪಿಕೊಂಡು, ಉಳಿದ ಅರ್ಧವನ್ನು ಆಮೇಲೆ ನೋಡೋಣ.

ಹೊರಗಿನ ಮೂರು ದೇಶಗಳು

ರಷ್ಯಾದಲ್ಲಿ ೧೯೧೭ರಲ್ಲಿ ಜಾರ್ ದೊರೆ ಹೋದ. ಅದೇ ವರ್ಷ ಬಂದ ಹೊಸ ಸರ್ಕಾರ ಜಮೀನ್ದಾರರ ಭೂಮಿಯನ್ನು ರೈತರಿಗೆ ಬಿಡಿಸಿಕೊಡುವ ಆಜ್ಞೆ ಹೊರಡಿಸಿತು. ಮರುವರ್ಷವೇ ಪಟ್ಟಣಕ್ಕೆ, ಸೈನ್ಯಕ್ಕೆ ಬೇಕು ಅಂತ ರೈತನ ಕಾಳು ಎತ್ತಿಕೊಂಡು ಹೋಗಲು ಬಂದೂಕಿನ ತಂಡಗಳು ಹಳ್ಳಿಗೆ ಬಂದವು. ೧೯೨೯ರಿಂದ ಸ್ಟಾಲಿನ್ ಕಾಲದಲ್ಲಿ ಜಮೀನನ್ನೇ ಸಾಮೂಹಿಕ ಬೇಸಾಯಕ್ಕೆ ಎಳೆದುಕೊಂಡರು. ೧೯೩೨-೩೩ರ ಕ್ಷಾಮದಲ್ಲಿ, ಯುಕ್ರೇನಿನಂಥ ಗೋಧಿಯ ನಾಡಿನಲ್ಲೇ, ಗೋಧಿ ಬೆಳೆದ ರೈತರು ಲಕ್ಷಗಟ್ಟಲೆ ಹಸಿದು ಸತ್ತರು.

ಚೀನಾದಲ್ಲಿ ೧೯೪೯ರಲ್ಲಿ ಕ್ರಾಂತಿ ಗೆದ್ದಿತು. ೧೯೫೦ರ ಭೂಸುಧಾರಣಾ ಕಾಯ್ದೆಯಿಂದ ಬಡ ರೈತನಿಗೆ ತುಂಡು ಭೂಮಿ ಸಿಕ್ಕಿತು. ೧೯೫೮ರಲ್ಲಿ ಅದೇ ಭೂಮಿ ಕಮ್ಯೂನಿನ ಪಾಲಾಯಿತು. ಮೇಲಿನವರನ್ನು ಮೆಚ್ಚಿಸಲು ಕೆಳಗಿನ ಅಧಿಕಾರಿಗಳು ಇಲ್ಲದ ಬೆಳೆಯನ್ನು ಇದೆ ಅಂತ ಬರೆದರು. ಆ ಸುಳ್ಳು ಲೆಕ್ಕದ ಮೇಲೆ ಸರ್ಕಾರ ತನ್ನ ಪಾಲು ಅಳೆದುಕೊಂಡಿತು. ೧೯೫೯ರಿಂದ ೧೯೬೧ರವರೆಗಿನ ಕ್ಷಾಮದಲ್ಲಿ ಕೋಟಿಗೂ ಮಿಕ್ಕಿ ಜನ ಸತ್ತರು.

ಇನ್ನು ಫ್ರಾನ್ಸ್. ೧೭೮೯ರಲ್ಲಿ ಅಲ್ಲಿನ ಹಳ್ಳಿಯವರು ಜಹಗೀರುದಾರರ ಮನೆಗಳಿಗೆ ನುಗ್ಗಿ ತಮ್ಮ ಮೇಲಿನ ಹಳೆಯ ಬಾಕಿ ಬಿಟ್ಟಿಗಳ ದಫ್ತರುಗಳನ್ನು ಸುಟ್ಟರು. ಆಮೇಲೆ ೧೭೯೩-೯೪ರಲ್ಲಿ ಕ್ರಾಂತಿಯವರೇ ಸಾವಿರಾರು ಜನರ ತಲೆ ತೆಗೆದರು. ೧೮೦೪ರಲ್ಲಿ ನೆಪೋಲಿಯನ್ ಚಕ್ರವರ್ತಿಯಾದ. ಅವನು ಹೋದ ಮೇಲೆ ಹಳೆಯ ರಾಜಮನೆತನವೇ ವಾಪಸು ಬಂತು. ಇಷ್ಟನ್ನೇ ನೋಡಿದರೆ ನಮ್ಮ ಹುಡುಗನ ಮಾತು ಪೂರಾ ನಿಜ. ಆದರೆ ಒಂದು ಸಂಗತಿ ಗಮನಿಸಿ. ರಾಜ ವಾಪಸು ಬಂದ, ೧೭೯೩ರಲ್ಲಿ ಪರಿಹಾರವಿಲ್ಲದೆ ರದ್ದಾದ ಆ ಜಹಗೀರು ಬಾಕಿಗಳು ಮಾತ್ರ ವಾಪಸು ಬರಲಿಲ್ಲ. ಯಾವ ದೊರೆಯೂ ಅವನ್ನು ಮತ್ತೆ ಹೇರಲು ಆಗಲಿಲ್ಲ.

ರಷ್ಯಾ, ಚೀನಾಗಳಲ್ಲಿ ಅಳೆಯುವವನು ಬದಲಾದ, ಕೊಳಗ ಹೊಸಬನ ಕೈಗೆ ಹೋಯಿತು. ಫ್ರಾನ್ಸಿನಲ್ಲಿ ಅಳೆಯುವವರು ನಾಲ್ಕು ಸಲ ಬದಲಾದರು, ಆದರೆ ಒಂದು ಕೊಳಗವಂತೂ ಒಡೆದುಹೋಯಿತು. ಕೊಳಗ ಅಂತ ನಾನು ಕರೆಯುವುದು ರೈತನನ್ನು ಕೇಳದೆ ಅವನ ಬೆಳೆಯನ್ನೋ ಭೂಮಿಯನ್ನೋ ಅಳೆದುಕೊಂಡು ಹೋಗುವ ಅಧಿಕಾರವನ್ನು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ನಮ್ಮ ನಾಡಿಗೇ ಬನ್ನಿ.

ನಗರದ ರೈತ ದಂಗೆ, ೧೮೩೦

ಹೊರದೇಶದ ಕ್ರಾಂತಿಗಳನ್ನು ಪುಸ್ತಕದಲ್ಲಿ ಓದುತ್ತೇವೆ. ನಮ್ಮದೇ ಮೈಸೂರು ಸೀಮೆಯಲ್ಲಿ ರೈತರು ಕೂಟ ಕಟ್ಟಿ ಎದ್ದು ಒಂದು ಅರಮನೆಯ ಆಳ್ವಿಕೆಯನ್ನೇ ಮುಗಿಸಿದ್ದನ್ನು ಎಷ್ಟು ಜನ ಬಲ್ಲೆವು?

೧೭೯೯ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಇಂಗ್ಲಿಷ್ ಕಂಪನಿಯವರು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿದರು. ಅದಕ್ಕೆ ಬದಲಾಗಿ ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ಗೊತ್ತುಮಾಡಿದರು. ಮಳೆ ಬರಲಿ ಬಿಡಲಿ, ಕಂಪನಿಯ ಕಂತು ತಪ್ಪುವಂತಿಲ್ಲ. ದಿವಾನ್ ಪೂರ್ಣಯ್ಯನವರು ೧೮೧೧ರಲ್ಲಿ ಇಳಿದ ಮೇಲೆ ಶರತ್ತು ಅನ್ನುವ ಪದ್ಧತಿ ಬಂತು. ಅಮಲ್ದಾರ ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣ ಎತ್ತಿಕೊಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನ ತಲೆಯ ಮೇಲೆ. ಅವನು ಬಿಡುತ್ತಾನೆಯೇ? ರೈತನ ತಲೆಯ ಮೇಲೆ ಹಾಕಿದ. ಇದರ ಜೊತೆಗೆ ೧೮೨೦ರ ದಶಕದಲ್ಲಿ ದಕ್ಷಿಣದಲ್ಲೆಲ್ಲ ಧಾನ್ಯದ ಬೆಲೆ ಇಳಿಮುಖವಾಯಿತು. ಕಂದಾಯ ಹಣದಲ್ಲಿ, ಆದಾಯ ಕಾಳಿನಲ್ಲಿ. ಬೆಲೆ ಬಿದ್ದರೆ ಅದೇ ಕಂದಾಯಕ್ಕೆ ಎರಡು ಮೂಟೆ ಹೆಚ್ಚು ಮಾರಬೇಕು. ಈ ಗಣಿತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ೧೮೨೫ರಲ್ಲಿ ಮೈಸೂರಿಗೆ ಬಂದು ಮಹಾರಾಜರಿಗೆ ಎಚ್ಚರಿಕೆ ಕೊಟ್ಟು ಹೋದರು. ಕಂಪನಿಯ ಪೊಗದಿ ಕಡಿಮೆ ಮಾಡುತ್ತೇವೆ ಅಂತ ಮಾತ್ರ ಹೇಳಲಿಲ್ಲ.

೧೮೩೦ರಲ್ಲಿ ನಗರ ಫೌಜುದಾರಿಯ, ಅಂದರೆ ಇಂದಿನ ಶಿವಮೊಗ್ಗ ಸೀಮೆಯ ರೈತರು ಆನಂದಪುರದ ಹತ್ತಿರ ಹೊಸಂತೆಯಲ್ಲಿ ಕೂಟ ಸೇರಿದರು. ಊರೂರಿನ ಪಟೇಲರೂ ಗೌಡರೂ ಮುಂದಾಳುಗಳು. ಕಂದಾಯ ಕೊಡುವುದಿಲ್ಲ, ನಮ್ಮ ಅಹವಾಲು ಕೇಳಿ ಅಂದರು. ಬೇರೆ ಸೀಮೆಯ ರೈತರಿಗೂ ಓಲೆ ಕಳಿಸಿದರು. ಅಲ್ಲಿಯವರೆಗೆ ಇದು ಶುದ್ಧ ರೈತ ಚಳವಳಿ.

ಆಮೇಲೆ ಏನಾಯಿತು ನೋಡಿ. ಬೂದಿ ಬಸವಪ್ಪ ಎಂಬಾತ, ತಾನು ಹಳೆಯ ನಗರದ ಅರಸರ ವಂಶದವನು ಅನ್ನುತ್ತಾ, ಕಂದಾಯ ಮಾಫಿ ಮಾಡುತ್ತೇನೆ ಅಂತ ಬಂದು ಕೂಟದ ನೆತ್ತಿಯ ಮೇಲೆ ಕೂತ. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕ ತನ್ನ ಹಳೆಯ ಪಾಳೆಯಪಟ್ಟಿನ ಆಸೆಯಿಂದ ಸೇರಿಕೊಂಡ. ರೈತರು ಕೇಳಿದ್ದು ಶರತ್ತು ಹೋಗಲಿ, ಬಾಕಿ ಬಿಡಲಿ ಅಂತ. ಮುಂದೆ ನಿಂತವರು ಕೇಳಿದ್ದು ಸಿಂಹಾಸನ. ಅರಮನೆ ಸೈನ್ಯ ಕಳಿಸಿತು, ಬಹಳ ಜನರನ್ನು ಗಲ್ಲಿಗೆ ಹಾಕಿತು. ದಂಗೆ ಅಡಗಲಿಲ್ಲ. ಕೊನೆಗೆ ಕಂಪನಿಯ ಸೈನ್ಯ ಬಂದು ೧೮೩೧ರ ಜೂನ್‌ನಲ್ಲಿ ನಗರದ ಕೋಟೆ ಹಿಡಿಯಿತು.

ಅದೇ ವರ್ಷ ಗವರ್ನರ್ ಜನರಲ್ ಬೆಂಟಿಂಕ್, ಮಹಾರಾಜರ ಆಡಳಿತ ಕೆಟ್ಟಿದೆ, ನಮ್ಮ ಪೊಗದಿಗೆ ಅಪಾಯವಿದೆ ಅಂತ ಹೇಳಿ ರಾಜ್ಯದ ಆಡಳಿತವನ್ನೇ ತೆಗೆದುಕೊಂಡರು. ಐವತ್ತು ವರ್ಷ, ೧೮೮೧ರವರೆಗೆ, ಮೈಸೂರನ್ನು ಇಂಗ್ಲಿಷ್ ಕಮಿಷನರುಗಳು ಆಳಿದರು. ಕಮಿಷನರ ಕಚೇರಿ ಮೈಸೂರಿನಿಂದ ಬೆಂಗಳೂರಿಗೆ ಬಂತು. ಇವತ್ತು ನಾವು ಜಮೀನಿನ ಕೇಸು ಹಿಡಿದು ಹೋಗುತ್ತೇವಲ್ಲ, ಆ ಹೈಕೋರ್ಟಿನ ಕೆಂಪು ಕಟ್ಟಡ, ಅಠಾರಾ ಕಚೇರಿ, ಆ ಕಮಿಷನರ ಆಳ್ವಿಕೆಯಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿದ್ದು, ೧೮೬೮ರಲ್ಲಿ ಮುಗಿದದ್ದು. ಬೆಂಗಳೂರು ಆಡಳಿತದ ಊರಾಗಿ ಬೆಳೆದದ್ದಕ್ಕೆ ಶಿವಮೊಗ್ಗ ಸೀಮೆಯ ರೈತರ ದಂಗೆಯೂ ಒಂದು ಕಾರಣ ಅಂದರೆ ನಂಬುತ್ತೀರಾ? ಆ ಬೆಂಗಳೂರು ಈಗ ನಮ್ಮ ಹೊಲದ ಬದುವಿಗೆ ಬಂದು ನಿಂತಿದೆ.

ಪ್ರಾಮಾಣಿಕವಾಗಿ ಹೇಳಬೇಕೆಂದರೆ ರೈತರಿಗೆ ಏನೂ ಸಿಗಲಿಲ್ಲ ಅನ್ನುವಂತಿಲ್ಲ. ಕಂಪನಿ ನೇಮಿಸಿದ ವಿಚಾರಣಾ ಸಮಿತಿಯೇ ೧೮೩೩ರಲ್ಲಿ, ದಂಗೆಗೆ ಕಾರಣ ದುರಾಡಳಿತ ಎಂದು ಬರೆಯಿತು. ೧೮೩೪ರಲ್ಲಿ ಬಂದ ಮಾರ್ಕ್ ಕಬ್ಬನ್ ಕಾಲದಲ್ಲಿ ಶರತ್ತಿನ ಸುಲಿಗೆ ನಿಂತಿತು, ೭೬೯ ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು. ಏಳುನೂರ ಅರವತ್ತೊಂಬತ್ತು! ರೈತ ಎಷ್ಟು ಕಡೆಯಿಂದ ಕಚ್ಚಿಸಿಕೊಳ್ಳುತ್ತಿದ್ದ ಅನ್ನುವುದನ್ನು ಆ ಸಂಖ್ಯೆಯೇ ಹೇಳುತ್ತದೆ. ಇದು ರೈತನ ಕೂಟ ಗೆದ್ದುಕೊಂಡದ್ದೇ ಅಂತ ನಾನು ಹೇಳುತ್ತೇನೆ.

ಆದರೆ ಕಂಪನಿಯ ಪೊಗದಿ ಹೋಗಲಿಲ್ಲ. ಅರಮನೆ ರೈತನನ್ನು ಹಿಂಡಿದ್ದಕ್ಕೆ ಹಿಂದಿನಿಂದ ಒತ್ತುತ್ತಿದ್ದ ಸಾಲದವನೇ ರಕ್ಷಕನ ವೇಷದಲ್ಲಿ ಬಂದು ಆಸ್ತಿಯನ್ನೇ ಜಪ್ತಿ ಮಾಡಿಕೊಂಡ. ನ್ಯಾಯ ಕೇಳಲು ನಗರದ ರೈತ ಮೈಸೂರಿಗೆ ನಡೆಯಬಹುದಿತ್ತು, ಕಲ್ಕತ್ತೆಗೆ ನಡೆಯಲು ಆಗುತ್ತದೆಯೇ?

ಯಾಕೆ ಹೀಗಾಯಿತು?

ರೈತರು ಹೇಡಿಗಳಾಗಿರಲಿಲ್ಲ. ನನಗೆ ಕಾಣುವ ಕಾರಣ ಮೂರು.

ಒಂದು, ಕೂಟ ತನ್ನ ಬೇಡಿಕೆಯನ್ನು ಕಾಯುವ ಬದಲು ಒಬ್ಬ ಮನುಷ್ಯನನ್ನು ಕಾಯಲು ಹೊರಟಿತು. ಅವನು ಗೆದ್ದಿದ್ದರೂ ಇನ್ನೊಬ್ಬ ಅರಸ ಸಿಗುತ್ತಿದ್ದ. ಅವನಿಗೂ ಖಜಾನೆ ಬೇಕು, ಖಜಾನೆಗೆ ಅಮಲ್ದಾರ ಬೇಕು.

ಎರಡು, ಜಗಳ ಕತ್ತಿಗೆ ಹೋಯಿತು. ಕತ್ತಿಯಲ್ಲಿ ದೊಡ್ಡ ಕತ್ತಿಯವನೇ ಗೆಲ್ಲುವುದು. ಕಂದಾಯ ಕೊಡದೆ ಕೈಕಟ್ಟಿ ಕೂತ ರೈತನನ್ನು ಎದುರಿಸಲು ಯಾವ ಸೈನ್ಯಕ್ಕೂ ಕಷ್ಟ. ಅವನು ಬಂದೂಕು ಹಿಡಿದರೆ ಎಲ್ಲ ಸೈನ್ಯಕ್ಕೂ ಸುಲಭ. ಬಂದೂಕಿನಿಂದ ಗೆದ್ದವನೂ ಗೆದ್ದ ಮೇಲೆ ಅದನ್ನು ಅಟ್ಟದ ಮೇಲೆ ಇಡುವುದಿಲ್ಲ. ರಷ್ಯಾದ ರೈತ ಕಂಡದ್ದು ಅದನ್ನೇ.

ಮೂರು, ಎಲ್ಲಕ್ಕಿಂತ ಮುಖ್ಯ. ದಂಗೆ ಮುಗಿದ ಮೇಲೆ ಕೂಟ ಉಳಿಯಲಿಲ್ಲ. ಕಬ್ಬನ್ ತೆರಿಗೆ ರದ್ದು ಮಾಡಿದರು, ಸರಿ. ಮಾಡದಿದ್ದರೆ ಕೇಳಲು ಹೊಸಂತೆಯಲ್ಲಿ ಯಾರಿದ್ದರು? ಸಿಕ್ಕಿದ್ದು ಹಕ್ಕಾಗಿ ಸಿಗಲಿಲ್ಲ, ದಯೆಯಾಗಿ ಸಿಕ್ಕಿತು.

ಮತಪೆಟ್ಟಿಗೆಯ ಕ್ರಾಂತಿ

ನೀವು ಕೇಳಬಹುದು, ಈಗ ವೋಟು ಇದೆಯಲ್ಲ, ರಾಜನೂ ಇಲ್ಲ ಕಂಪನಿಯೂ ಇಲ್ಲ ಅಂತ. ವೋಟಿನಿಂದ ನಾವು ದಬ್ಬಾಳಿಕೆಯನ್ನು ಇಳಿಸಿದ್ದೇವೆ, ಅದು ಸಣ್ಣ ಮಾತಲ್ಲ. ೧೯೭೫ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು, ೧೯೭೭ರ ಮಾರ್ಚ್‌ನಲ್ಲಿ ಜನ ರಕ್ತ ಹರಿಸದೆ ಆ ಸರ್ಕಾರವನ್ನು ಮನೆಗೆ ಕಳಿಸಿದರು. ಹೊಸದಾಗಿ ಬಂದ ಜನತಾ ಸರ್ಕಾರ ೧೯೭೮ರಲ್ಲಿ ಸಂವಿಧಾನಕ್ಕೆ ೪೪ನೇ ತಿದ್ದುಪಡಿ ತಂದಿತು. ಆಂತರಿಕ ಗಲಭೆ ಅಂತ ನೆಪ ಹೇಳಿ ತುರ್ತು ಪರಿಸ್ಥಿತಿ ಹೇರುವ ಬಾಗಿಲನ್ನು ಮುಚ್ಚಿತು. ಜೀವಿಸುವ ಹಕ್ಕನ್ನು ಯಾವ ತುರ್ತಿನಲ್ಲೂ ಅಮಾನತಿಡುವಂತಿಲ್ಲ ಅಂತ ಬರೆಯಿತು. ಒಂದು ಕೊಳಗ ಒಡೆಯಿತು. ಆ ಸರ್ಕಾರ ಎರಡೂವರೆ ವರ್ಷದಲ್ಲಿ ಒಳಜಗಳದಿಂದ ಬಿತ್ತು, ೧೯೮೦ರಲ್ಲಿ ಇಂದಿರಾ ಗಾಂಧಿಯವರೇ ವಾಪಸು ಬಂದರು. ಒಡೆದ ಕೊಳಗ ಮಾತ್ರ ಮತ್ತೆ ಕೂಡಲಿಲ್ಲ. ಫ್ರಾನ್ಸಿನಲ್ಲಿ ಆದದ್ದೇ ಇಲ್ಲೂ ಆಯಿತು.

ಈಗ ಅದರ ಇನ್ನೊಂದು ಮುಖ ಕೇಳಿ. ಅದೇ ೪೪ನೇ ತಿದ್ದುಪಡಿಯೇ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದುಹಾಕಿತು. ಕಾನೂನಿನ ಪ್ರಕಾರ ಮಾತ್ರ ಆಸ್ತಿ ಕಸಿಯಬಹುದು ಅನ್ನುವ ಸಾಧಾರಣ ಹಕ್ಕು ಉಳಿಯಿತು. ದೊಡ್ಡ ಜಮೀನ್ದಾರರು ಕೋರ್ಟಿನಲ್ಲಿ ಭೂಸುಧಾರಣೆ ತಡೆಯಬಾರದು ಅನ್ನುವುದು ಅದರ ಹಿಂದಿನ ವಾದ. ನ್ಯಾಯದ ವಾದವೇ. ಆದರೆ ಎರಡು ಎಕರೆಯ ರೈತನಿಗೂ ಅದೇ ಅನ್ವಯಿಸಿತು. ದಬ್ಬಾಳಿಕೆಯ ವಿರುದ್ಧ ಗೆದ್ದು ಬಂದವರೇ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಂಡರು. ಆ ದಿನ ನಮ್ಮ ಕೂಟ ಎಲ್ಲಿತ್ತು? ಗೆದ್ದೆವು ಅಂತ ಮನೆಗೆ ಹೋಗಿತ್ತು.

ನರಗುಂದವನ್ನು ಮರೆಯುವಂತಿಲ್ಲ. ಮಲಪ್ರಭೆಯ ನೀರು ಎಲ್ಲರಿಗೂ ತಲುಪುವ ಮುಂಚೆಯೇ ಅಭಿವೃದ್ಧಿ ಕರದ ಬಿಲ್ಲು ತಲುಪಿತು. ಹತ್ತಿಯ ಬೆಲೆ ಬಿದ್ದಿತ್ತು. ೧೯೮೦ರ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಿಗೆ ರೈತರು ಬಲಿಯಾದರು. ಆ ಕಿಚ್ಚಿನಿಂದ ರಾಜ್ಯದಲ್ಲಿ ರೈತ ಸಂಘಟನೆ ಎದ್ದಿತು, ೧೯೮೩ರ ಜನವರಿಯಲ್ಲಿ ಗುಂಡೂರಾಯರ ಸರ್ಕಾರ ಬಿತ್ತು, ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ಆ ಸರ್ಕಾರದಲ್ಲಿ ನಜೀರ್ ಸಾಬರು ಮುಂದೆ ನಿಂತು ತಂದ ಜಿಲ್ಲಾ ಪರಿಷತ್ತಿನ ಕಾಯ್ದೆಯಿಂದ ೧೯೮೭ರಲ್ಲಿ ಅಧಿಕಾರ ಹಳ್ಳಿಯ ಹತ್ತಿರಕ್ಕೆ ಒಂದು ಹೆಜ್ಜೆ ಬಂತು. ಇದೂ ಗೆಲುವೇ. ಆದರೆ ಕಾಯುವವರಿಲ್ಲದ ಗೆಲುವು ಬೇಲಿಯಿಲ್ಲದ ಬೆಳೆ. ನಮ್ಮ ರಾಜ್ಯದಲ್ಲಿ ೨೦೧೬ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ೨೦೨೧ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ರೈತ ಸಂಘಟನೆಗಳೋ, ಬಣ ಬಣಗಳಾಗಿ ಒಡೆದು, ಯಾರ ಶಾಲು ನಿಜವಾದ ಹಸಿರು ಅಂತ ವಾದ ಮಾಡುತ್ತಿದ್ದವು.

ನಮ್ಮ ಮನೆ ಬಾಗಿಲ ಕೊಳಗ

ಈಗ ನಮ್ಮ ಸುತ್ತಲಿನ ಭೂಮಿಗೆ ಬರೋಣ. ಬ್ರಿಟಿಷರು ೧೮೯೪ರಲ್ಲಿ ಮಾಡಿದ ಭೂಸ್ವಾಧೀನ ಕಾಯ್ದೆ, ಅವರು ೧೯೪೭ರಲ್ಲಿ ಹೋದ ಮೇಲೆ ಇನ್ನೂ ೬೬ ವರ್ಷ ಬದುಕಿತ್ತು. ೨೦೧೩ರಲ್ಲಿ ಹೊಸ ಕಾಯ್ದೆ ಬಂತು. ಖಾಸಗಿ ಕಂಪನಿಗೆ ಭೂಮಿ ಬೇಕಾದರೆ ನೂರಕ್ಕೆ ಎಂಬತ್ತು ಜನರ ಒಪ್ಪಿಗೆ, ಊರಿನ ಮೇಲಾಗುವ ಪರಿಣಾಮದ ಅಧ್ಯಯನ ಅಂತೆಲ್ಲ ಬರೆದರು. ಆದರೆ ನಮ್ಮ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ೧೯೬೬ರ ತನ್ನದೇ ಕಾಯ್ದೆಯಲ್ಲಿ ನೋಟೀಸು ಕೊಡುತ್ತಾ ಹೋಯಿತು. ಅದರಲ್ಲಿ ನಿಮ್ಮ ಆಕ್ಷೇಪಣೆ ಕೇಳುತ್ತಾರೆ, ಒಪ್ಪಿಗೆ ಕೇಳುವುದಿಲ್ಲ. ಅಂದಿನಿಂದ ಕಾಂಗ್ರೆಸ್ ಬಂತು, ಜನತಾ ಬಂತು, ದಳ ಬಂತು, ಬಿಜೆಪಿ ಬಂತು, ಸಮ್ಮಿಶ್ರ ಬಂತು. ಎಲ್ಲರೂ ಹಿಡಿದದ್ದು ಅದೇ ಕೊಳಗ.

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ೧೩ ಹಳ್ಳಿಗಳ ೧,೭೭೭ ಎಕರೆಗೆ ವಿಮಾನ ಉದ್ಯಮದ ಪಾರ್ಕಿಗಾಗಿ ೨೦೨೧ರಲ್ಲಿ ನೋಟೀಸು ಬಂದಾಗ ಬಿಜೆಪಿ ಸರ್ಕಾರವಿತ್ತು. ೨೦೨೨ರ ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು. ಆಗ ವಿರೋಧ ಪಕ್ಷದಲ್ಲಿದ್ದವರು ಬಂದು ನಿಮ್ಮ ಜೊತೆ ಇದ್ದೇವೆ ಅಂದರು. ೨೦೨೩ರ ಮೇ ತಿಂಗಳಲ್ಲಿ ಅವರದೇ ಸರ್ಕಾರ ಬಂತು. ಎಲ್ಲರೂ ಏನಂದುಕೊಂಡರು? ಇನ್ನೇನು ಗೆದ್ದೆವು ಅಂತ. ನೋಟೀಸು ಹೋಯಿತೇ? ಇಲ್ಲ. ೨೦೨೫ರ ಜೂನ್‌ನಲ್ಲಿ ಅದೇ ರೈತರನ್ನು ಪೊಲೀಸರು ಎತ್ತಿಕೊಂಡು ಹೋದರು.

ಆದರೆ ಆ ಹಳ್ಳಿಗಳವರು ನಗರದ ರೈತರು ಮಾಡದ ಒಂದು ಕೆಲಸ ಮಾಡಿದರು. ಸರ್ಕಾರ ಬದಲಾದ ದಿನ ಪೆಂಡಾಲು ಕೀಳಲಿಲ್ಲ. ಹೊಸ ದೊರೆಯ ಎದುರಿಗೂ ಹಳೆಯ ಬೇಡಿಕೆಯನ್ನೇ ಇಟ್ಟು ಕೂತರು. ೧,೧೯೮ ದಿನ. ೨೦೨೫ರ ಜುಲೈ ೧೫ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಡುತ್ತೇವೆ, ತಾವಾಗಿ ಕೊಡುವವರಿಂದ ಮಾತ್ರ ತೆಗೆದುಕೊಳ್ಳುತ್ತೇವೆ ಅಂತ ಹೇಳಬೇಕಾಯಿತು. ವೋಟು ಹಾಕಿದ್ದರಿಂದಷ್ಟೇ ಅಲ್ಲಿ ಭೂಮಿ ಉಳಿಯಲಿಲ್ಲ. ವೋಟಾದ ಮೇಲೂ ಕೂಟ ಕೂತಿದ್ದರಿಂದ ಉಳಿಯಿತು. ಆದರೂ ಅಂದು ಹೋದದ್ದು ಒಂದು ನೋಟೀಸು, ೧೯೬೬ರ ಕಾಯ್ದೆಯ ಅಧಿಕಾರ ಹೋಗಲಿಲ್ಲ. ನಾಳೆ ಅದು ಇನ್ನೊಂದು ಹೋಬಳಿಯನ್ನು ಅಳೆಯಬಹುದು.

ಆದ್ದರಿಂದ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಕ್ರಾಂತಿ ದಬ್ಬಾಳಿಕೆಯಾಗಲೇಬೇಕೆಂದು ಯಾವ ಬ್ರಹ್ಮನೂ ಬರೆದಿಲ್ಲ. ಆದರೆ ಸುಮ್ಮನೆ ಬಿಟ್ಟರೆ ಅದು ಆ ಕಡೆಗೇ ಹರಿಯುತ್ತದೆ, ನೀರು ತಗ್ಗಿಗೆ ಹರಿದ ಹಾಗೆ. ದೊರೆಯನ್ನು ಇಳಿಸಿ ಕೊಳಗ ಉಳಿಸಿದರೆ, ಗೆದ್ದ ಮರುದಿನ ಕೂಟ ಮುರಿದರೆ, ಹೊಸಬ ಎಷ್ಟೇ ಒಳ್ಳೆಯವನಾಗಿರಲಿ ಅವನ ಕೈ ಆ ಕೊಳಗದ ಮೇಲೆ ಹೋಗಿಯೇ ಹೋಗುತ್ತದೆ.

ನಾವು ಮಾಡಬೇಕಾದ್ದು

ದೊಡ್ಡ ಕ್ರಾಂತಿಗಳ ಮಾತು ಸಾಕು. ನಮ್ಮ ಕೂಟವೇ ನಾಳೆ ಸಣ್ಣ ಅರಮನೆಯಾಗಬಾರದು. ಅದಕ್ಕೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು ಲೆಕ್ಕ. ಚಂದಾ ಎಷ್ಟು ಬಂತು, ವಕೀಲರಿಗೆ ಎಷ್ಟು ಹೋಯಿತು, ಪ್ರತಿ ತಿಂಗಳು ಸಭೆಯಲ್ಲಿ ಓದಬೇಕು. ಕೇಳಿದವನನ್ನು ದ್ರೋಹಿ ಅನ್ನಬಾರದು. ಚೀನಾದ ಕಥೆ ಕೇಳಿದಿರಲ್ಲ. ಸುಳ್ಳು ಲೆಕ್ಕವನ್ನು ಪ್ರಶ್ನಿಸುವವರಿಲ್ಲದ ಕಡೆ ಜನ ಸಾಯುತ್ತಾರೆ.

ಎರಡನೆಯದು ಮಾತುಕತೆ. ಮಂತ್ರಿಯ ಮನೆಗಾಗಲಿ ಅಧಿಕಾರಿಯ ಕೋಣೆಗಾಗಲಿ ಒಬ್ಬರೇ ಹೋಗಬಾರದು. ಐದು ಜನ ಹೋಗಬೇಕು, ಪ್ರತಿ ಸಲ ಅದೇ ಐವರು ಹೋಗಬಾರದು. ಒಬ್ಬ ಗಟ್ಟಿ ನಾಯಕ ಇಲ್ಲದೆ ಗೆಲ್ಲುವುದು ಹೇಗೆ ಅಂತೀರಿ. ಆ ಗಟ್ಟಿ ನಾಯಕನನ್ನು ಕೊಂಡುಕೊಂಡರೆ ಅಥವಾ ಜೈಲಿಗೆ ಹಾಕಿದರೆ ಕೂಟವೇ ಬಿತ್ತು. ಐವತ್ತು ಜನಕ್ಕೆ ಮಾತಾಡಲು ಬಂದರೆ ಐವತ್ತು ಜನರನ್ನೂ ಕೊಳ್ಳುವುದು ಕಷ್ಟ.

ಮೂರನೆಯದು ಸಾಲ. ಕೂಟವನ್ನು ಒಡೆಯುವ ಉಳಿ ಪೊಲೀಸರ ಲಾಠಿಗಿಂತ ಹೆಚ್ಚಾಗಿ ಒಬ್ಬೊಬ್ಬನ ಮನೆಯ ಸಾಲ. ದಲ್ಲಾಳಿ ಊರಿಗೆ ಬಂದರೆ ಮೊದಲು ಹುಡುಕುವುದು ಮಗಳ ಮದುವೆಗೆ, ಬೋರ್‌ವೆಲ್ಲಿಗೆ, ಆಸ್ಪತ್ರೆಗೆ ಸಾಲ ಮಾಡಿ ಮುಳುಗಿದವನನ್ನು. ಅವನು ಸಹಿ ಹಾಕಿದರೆ ಅವನನ್ನು ಬೈದು ಪ್ರಯೋಜನವಿಲ್ಲ. ಅವನ ಬಾಗಿಲಿಗೆ ದಲ್ಲಾಳಿ ಹೋಗುವ ಮುಂಚೆ ಕೂಟ ಹೋಗಿರಬೇಕು.

ನಾಲ್ಕನೆಯದು ಸ್ವಲ್ಪ ಕಹಿ. ಜಮೀನಿರುವ ನಾವು, ನಮ್ಮ ಹೊಲದಲ್ಲಿ ದುಡಿಯುವ ಕೂಲಿಯವರನ್ನು ಈ ಸಭೆಯಲ್ಲಿ ಎಲ್ಲಿ ಕೂರಿಸಿದ್ದೇವೆ ನೋಡಿಕೊಳ್ಳಿ. ಭೂಮಿ ಹೋದರೆ ನಮಗೆ ಪರಿಹಾರ, ಅವರಿಗೆ ಬಸ್ ಚಾರ್ಜೂ ಇಲ್ಲ. ಅವರ ಪಾಲಿಗೆ ಅಳೆಯುವವರು ನಾವೇ. ಸರ್ಕಾರದ ದಬ್ಬಾಳಿಕೆಯ ವಿರುದ್ಧ ಕೂಗಿ, ಮನೆಗೆ ಹೋಗಿ ಕೂಲಿ ಬಾಕಿ ಇಟ್ಟುಕೊಂಡರೆ ನಮ್ಮ ಕ್ರಾಂತಿ ಆಗಲೇ ಕೆಟ್ಟಿದೆ ಅಂತ ಅರ್ಥ. ಅವರಿಗೂ ಈ ಕೂಟದಲ್ಲಿ ಮಾತಾಡುವ ಹಕ್ಕಿರಬೇಕು, ಕೈ ಎತ್ತುವ ಹಕ್ಕಿರಬೇಕು.

ಮುಂದಿನ ಗ್ರಾಮಸಭೆಯಲ್ಲಿ ಪ್ರತಿ ಊರೂ ಒಂದು ಠರಾವು ಬರೆಸಲಿ. ಇಂಥ ಸರ್ಕಾರ ಬೇಕು, ಇಂಥವರು ಬೇಡ ಅಂತ ಬರೆಸುವುದು ಬೇಡ. ೧೯೬೬ರ ಕಾಯ್ದೆಯಲ್ಲಿ ರೈತನ ಒಪ್ಪಿಗೆಯಿಲ್ಲದೆ ಭೂಮಿ ತೆಗೆದುಕೊಳ್ಳುವ ಅಧಿಕಾರ ಹೋಗಬೇಕು ಅಂತ ಬರೆಸಿ, ನಡವಳಿ ಪುಸ್ತಕದಲ್ಲಿ ಎಲ್ಲರ ಸಹಿಯಾಗಲಿ. ವೋಟು ಕೇಳಲು ಬರುವ ಪ್ರತಿಯೊಬ್ಬನ ಮುಂದೆ, ಅವನು ಯಾವ ಪಕ್ಷದವನೇ ಆಗಲಿ, ಆ ಪುಸ್ತಕ ಇಡಿ. ಗೆದ್ದ ಮೇಲೂ ಅವನ ಮುಂದೆ ಅದೇ ಪುಸ್ತಕ ಇಡಿ.

ಈಗ ಈ ತಿಂಗಳ ಲೆಕ್ಕ ಓದಲಿ, ಯಾರೂ ಎದ್ದು ಹೋಗಬೇಡಿ.